ಹೊಗೆಗೊಂದು ದಾರಿ: ಹಳೆಯ ಮನೆಯ ಒಲೆಗೆ ಕೊಳವೆ ಕೂಡಿಸುವ ವಿಚಾರ

ಚಿಮಣಿ ಎಂಬ ಮಾತು ಕನ್ನಡಕ್ಕೆ ಬಂದು ಬಹುಕಾಲವಾಯಿತು. ಆದರೆ ಚಿಮಣಿಯೆಂಬ ವಸ್ತು ಕನ್ನಡಿಗರ ಅಡಿಗೆಮನೆಗೆ ಬಂದುದು ಈಚೆಗೆ, ಅದೂ ಎಲ್ಲ ಮನೆಗಳಿಗೆ ಅಲ್ಲ. ಉತ್ತರ ಕರ್ನಾಟಕದಲ್ಲಿ ಚಿಮಣಿ ಎಂದರೆ ಸೀಮೆಎಣ್ಣೆಯ ದೀಪ. ಆ ದೀಪದ ದೆಸೆಯಿಂದ ಸೀಮೆಎಣ್ಣೆಗೇ ಚಿಮಣಿ ಎಣ್ಣೆ ಎಂಬ ಹೆಸರು. ದೀಪದ ಜ್ವಾಲೆಯ ಸುತ್ತ ನಿಲ್ಲಿಸುವ ಗಾಜಿನ ಕೊಳವೆಗೆ ಇಂಗ್ಲಿಷಿನಲ್ಲಿದ್ದ ಹೆಸರು ಇಲ್ಲಿ ದೀಪಕ್ಕೇ ಅಂಟಿಕೊಂಡಂತಿದೆ. ಒಲೆಯ ಮೇಲೆ ನಿಲ್ಲಬೇಕಾದ ಚಿಮಣಿಗೆ ಮಾತ್ರ ನೆಲೆಯಾದ ಹೆಸರೊಂದು ಹುಟ್ಟಲಿಲ್ಲ. ಹೊಗೆಗೂಡು, ಹೊಗೆಗಂಡಿ, ಹೊಗೆಗೊಳವೆ ಎಂದು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಹೆಸರು ನೆಲೆಗೊಳ್ಳದಿರುವುದಕ್ಕೆ ಕಾರಣವಿಲ್ಲದಿಲ್ಲ: ನಮ್ಮ ಹಳೆಯ ಮನೆಗಳನ್ನು ಕಟ್ಟಿದವರು ಆ ವಸ್ತು ಬೇಕೆಂದೇ ಎಣಿಸಿರಲಿಲ್ಲ.

ಇದು ಕೇವಲ ಶಬ್ದದ ವಿಚಾರವಲ್ಲ. ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳಲ್ಲಿ ಊರಿನ ಮನೆಯ ದುರಸ್ತಿಗೆ ಎಂದಾದರೊಮ್ಮೆ ಹಣ ಕಳುಹಿಸದಿರುವವು ವಿರಳ. ಆ ಹಣದಿಂದ ಮೊದಲು ಆಗುವ ಕೆಲಸ ಮಾಡಿನದು. ಸೋರುವ ಹಂಚನ್ನು ತೆಗೆದು ತಾರಸಿ ಹಾಕಲಾಗುತ್ತದೆ. ಗೋಡೆಯ ಬಿರುಕುಗಳಿಗೆ ಸಿಮೆಂಟು ಬಳಿಯಲಾಗುತ್ತದೆ. ಬೆಳಕಿಂಡಿಯನ್ನು ಮುಚ್ಚಿ ಗಾಜಿನ ಕಿಟಕಿ ಕೂಡಿಸಲಾಗುತ್ತದೆ. ಮನೆ ನೋಡಲು ಚೆನ್ನಾಗುತ್ತದೆ, ಮಳೆಗಾಲದಲ್ಲಿ ಸೋರುವುದಿಲ್ಲ. ಆದರೆ ಒಳಗೆ ಸೌದೆಯ ಒಲೆ ಉಳಿದಿದ್ದರೆ ಅಡಿಗೆಮನೆಯಲ್ಲಿ ಮೊದಲಿಗಿಂತ ಹೆಚ್ಚು ಹೊಗೆ ನಿಲ್ಲುತ್ತದೆ. ವಯಸ್ಸಾದ ತಾಯಿಯ ಕೆಮ್ಮು ಹೊಸ ಮನೆಯಲ್ಲಿ ಏಕೆ ಹೆಚ್ಚಿತೆಂಬುದು ಮಗನಿಗೆ ಹೊಳೆಯುವುದಿಲ್ಲ. ಈ ವಿಪರ್ಯಾಸದ ಕಾರಣವನ್ನು ತಿಳಿಯದೆ ಒಲೆಗೊಂದು ಕೊಳವೆ ಹೂಡಹೊರಟರೆ ಕೆಲಸ ಕೆಡುವ ಸಂಭವವೇ ಹೆಚ್ಚು.

ಮಾಡೇ ಚಿಮಣಿಯಾಗಿದ್ದ ಕಾಲ

ಚಿಮಣಿಯಿಲ್ಲದ ಮನೆ ಎಂದರೆ ಹೊಗೆಗೆ ದಾರಿಯೇ ಇಲ್ಲದ ಮನೆ ಎಂದು ತಿಳಿಯುವುದು ಸರಿಯಲ್ಲ. ಹುಲ್ಲು ಅಥವಾ ಅಡಕೆಯ ಸೋಗೆ ಹೊದಿಸಿದ ಮಾಡಿನಲ್ಲಿ ಹೊಗೆ ಎಲ್ಲ ಕಡೆಯಿಂದಲೂ ಮೆಲ್ಲನೆ ಜಿನುಗಿ ಹೊರಹೋಗುತ್ತದೆ. ನಾಡಹಂಚಿನ ಮಾಡಿನಲ್ಲಿ ಹಂಚು ಹಂಚುಗಳ ನಡುವೆ ಸಾವಿರ ಸಂದುಗಳಿರುತ್ತವೆ. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹರಡಿದ ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿ ಕೂಡುವಂಥದು. ಆದರೂ ಗಾಳಿಯಾಡುವಷ್ಟು ಎಡೆ ಅದರಲ್ಲಿಯೂ ಉಂಟು. ಬಯಲುಸೀಮೆಯ ಮಣ್ಣಿನ ಮಾಳಿಗೆಯಲ್ಲಿ ಮಾತ್ರ ಸಂದಿಲ್ಲ. ಅಲ್ಲಿ ಒಲೆಯ ನೇರಕ್ಕೆ ಮೇಲೊಂದು ಬೆಳಕಿಂಡಿಯನ್ನು ಬಿಟ್ಟು ಬೆಳಕಿಗೂ ಹೊಗೆಗೂ ಅದೇ ದಾರಿಯೆಂದು ಮಾಡಿಕೊಂಡಿದ್ದರು. ಒಟ್ಟಿನಲ್ಲಿ ಈ ಮನೆಗಳಿಗೆ ಮಾಡೇ ಚಿಮಣಿ.

ಈ ಹೊಗೆಗೆ ಕೆಲಸವೂ ಇತ್ತು. ಅಟ್ಟದ ಮೇಲಿನ ಸೌದೆ ಅದರ ಶಾಖದಿಂದ ಒಣಗುತ್ತಿತ್ತು. ಬಿತ್ತನೆಗೆಂದು ಒಲೆಯ ಮೇಲೆ ತೂಗುಹಾಕಿದ ತೆನೆಗಳನ್ನು ಹುಳು ಮುಟ್ಟುತ್ತಿರಲಿಲ್ಲ. ಹುಲ್ಲಿನ ಮಾಡು, ಬಿದಿರಿನ ಗಳು ಇವೆಲ್ಲ ಮಸಿ ಹಿಡಿದು ಗೆದ್ದಲಿನಿಂದ ಉಳಿಯುತ್ತಿದ್ದುವು. ಹೊಗೆಗೆ ಈ ಬಗೆಯ ಗುಣವನ್ನು ಹೇಳುವುದು ನಮ್ಮ ನಾಡಿಗಷ್ಟೇ ಸೇರಿದ ಮಾತಲ್ಲ. ೧೫೭೭ರಲ್ಲಿ ಪ್ರಕಟವಾದ ಇಂಗ್ಲೆಂಡಿನ ವರ್ಣನೆಯೊಂದರಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿಯು, ತನ್ನ ಹಳ್ಳಿಯ ಮುದುಕರು ತಮ್ಮ ಕಾಲದಲ್ಲಿ ಕಂಡ ದೊಡ್ಡ ಬದಲಾವಣೆಗಳಲ್ಲಿ ಒಂದೆಂದರೆ ಹೊಸದಾಗಿ ಎದ್ದ ಚಿಮಣಿಗಳ ಸಂಖ್ಯೆ ಎಂದು ಹೇಳುತ್ತಿದ್ದುದನ್ನು ದಾಖಲಿಸಿದ್ದಾನೆ. ಹಿಂದೆ ಹೊಗೆಯು ಮನೆಯ ಮರಮುಟ್ಟನ್ನು ಗಟ್ಟಿಮಾಡುವುದೆಂದೂ ಮನೆಮಂದಿಯನ್ನು ನೆಗಡಿಯಂಥ ಬೇನೆಗಳಿಂದ ಕಾಪಾಡುವುದೆಂದೂ ಜನ ನಂಬಿದ್ದರೆಂಬುದು ಅವನ ಬರವಣಿಗೆಯಿಂದ ತಿಳಿಯುತ್ತದೆ. ನಾಲ್ಕು ಶತಮಾನಗಳ ಹಿಂದಿನ ಇಂಗ್ಲಿಷ್ ಹಳ್ಳಿಯ ಮುದುಕನೂ ಮಲೆನಾಡಿನ ಅಜ್ಜಿಯೂ ಈ ವಿಷಯದಲ್ಲಿ ಒಂದೇ ಮಾತನ್ನಾಡುತ್ತಾರೆ.

ಮರಮುಟ್ಟಿನ ಮಟ್ಟಿಗೆ ಆ ಮಾತು ನಿಜ. ಮನುಷ್ಯರ ಮಟ್ಟಿಗೆ ನಿಜವಲ್ಲ. ಮಾಡಿನಿಂದ ಜಿನುಗುವ ಮೊದಲು ಹೊಗೆಯು ಅಡಿಗೆಮನೆಯನ್ನು ತುಂಬಿ, ಒಲೆಯ ಮುಂದೆ ಕುಳಿತವರ ಕಣ್ಣು, ಶ್ವಾಸಕೋಶಗಳನ್ನು ಹಾದುಹೋಗುತ್ತದೆ. ಕರ್ಕ್ ಸ್ಮಿತ್ ಮತ್ತು ಅವರ ಸಹೋದ್ಯೋಗಿಗಳು ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ ಅಡಿಗೆ ಮಾಡುವ ಸ್ತ್ರೀಯರು ಉಸಿರಾಡುವ ಗಾಳಿಯನ್ನೇ ಅಳೆದು ೧೯೮೩ರಲ್ಲಿ ಪ್ರಕಟಿಸಿದ ಲೇಖನವು ಈ ವಿಷಯಕ್ಕೆ ವೈಜ್ಞಾನಿಕ ಜಗತ್ತಿನ ಗಮನವನ್ನು ಸೆಳೆಯಿತು. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಪ್ರಪಂಚದಲ್ಲಿ ಸುಮಾರು ೩೨ ಲಕ್ಷ ಜನ ಅಕಾಲದಲ್ಲಿ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಳೆಯ ಮಾಡು ಈ ಅಪಾಯವನ್ನು ತಗ್ಗಿಸುತ್ತಿತ್ತೇ ಹೊರತು ನಿವಾರಿಸುತ್ತಿರಲಿಲ್ಲ. ತಾರಸಿಯಾದರೋ ತಗ್ಗಿಸುತ್ತಿದ್ದ ಆ ದಾರಿಯನ್ನೂ ಮುಚ್ಚಿಬಿಡುತ್ತದೆ. ಆದ್ದರಿಂದ ಮಾಡು ಬದಲಾದ ಮನೆಯಲ್ಲಿ ಕೊಳವೆಯು ಅಲಂಕಾರವಲ್ಲ. ಕಳೆದುಹೋದ ಅಂಗವೊಂದರ ಸ್ಥಾನದಲ್ಲಿ ಬರಬೇಕಾದ ಅಂಗ.

ಕೊಳವೆ ಎಳೆಯುವ ಬಗೆ

ಕೊಳವೆಯನ್ನು ಹೊಗೆ ಹರಿಯುವ ಬರಿಯ ಕಾಲುವೆಯೆಂದು ಬಗೆಯುವುದು ಸಾಮಾನ್ಯವಾದ ತಪ್ಪು. ಅದು ಒಂದು ಯಂತ್ರ. ಅದನ್ನು ನಡೆಸುವ ಶಕ್ತಿ ಬಿಸಿಗಾಳಿಯ ಹಗುರತನ. ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಸುಮಾರು ೧.೧೭ ಕಿಲೋಗ್ರಾಂ ತೂಗುತ್ತದೆ. ೧೫೦ ಡಿಗ್ರಿಯಲ್ಲಿ ಸುಮಾರು ೦.೮೩ ಕಿಲೋಗ್ರಾಂ ಮಾತ್ರ. ಕೊಳವೆಯೊಳಗಿನ ಬಿಸಿ ಗಾಳಿಯ ಕಂಬ ಹೊರಗಿನ ಅಷ್ಟೇ ಎತ್ತರದ ತಣ್ಣನೆಯ ಗಾಳಿಯ ಕಂಬಕ್ಕಿಂತ ಹಗುರವಾದುದರಿಂದ, ಹೊರಗಿನ ಗಾಳಿ ಒಲೆಯ ಬಾಯಿಂದ ನುಗ್ಗಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಇದನ್ನೇ ಎಳೆತ ಎನ್ನುವುದು.

ಈ ಎಳೆತ ಎಷ್ಟು ಅಲ್ಪವೆಂಬುದನ್ನು ಮನಗಾಣುವುದು ಅಗತ್ಯ. ಮೂರು ಮೀಟರ್ ಎತ್ತರದ ಕೊಳವೆಯಲ್ಲಿ ಮೇಲೆ ಹೇಳಿದ ಉಷ್ಣತೆಗಳಿದ್ದಾಗ ಅದು ಒಂದು ಮಿಲಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಎಂದರೆ ಬರೆಯುವ ಕಾಗದದ ಹನ್ನೆರಡು ಹಾಳೆಗಳ ಅಡಕವೊಂದು ಮೇಜನ್ನು ಒತ್ತುವಷ್ಟು. ಕೊಳವೆಯೊಳಗಿನ ಗಾಳಿ ೮೦ ಡಿಗ್ರಿಗೆ ತಣಿದರೆ ಈ ಅಲ್ಪ ಬಲವೂ ಅರ್ಧಕ್ಕಿಳಿಯುತ್ತದೆ. ಇಷ್ಟು ಕ್ಷೀಣವಾದ ಶಕ್ತಿಯು ಒಂದು ಅನಗತ್ಯ ತಿರುವಿನಿಂದ, ಒಂದು ಬಿರುಕಿನಿಂದ, ಒಂದು ಪದರ ಮಸಿಯಿಂದ ಸೋತುಹೋಗುವುದರಲ್ಲಿ ಆಶ್ಚರ್ಯವಿಲ್ಲ. ಹತ್ತು ಸೆಂಟಿಮೀಟರ್ ವ್ಯಾಸದ ಕೊಳವೆಯೊಳಗೆ ಸುತ್ತಲೂ ಒಂದು ಸೆಂಟಿಮೀಟರ್ ಮಸಿ ಕಟ್ಟಿದರೆ ವ್ಯಾಸ ಎಂಟಕ್ಕಿಳಿಯುತ್ತದೆ. ಹೊಗೆ ಹರಿಯುವ ಎಡೆಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನಷ್ಟವಾಗುತ್ತದೆ. ಕೊಳವೆ ಕೂಡಿಸುವ ನಿಯಮಗಳೆಲ್ಲ ಈ ಒಂದು ತತ್ತ್ವದಿಂದ ಹೊರಡುತ್ತವೆ: ಅಲ್ಪವಾದ ಎಳೆತವನ್ನು ಎಲ್ಲಿಯೂ ಪೋಲುಮಾಡಬಾರದು.

ಕೂಡಿಸುವ ಕ್ರಮ

ಮೊದಲನೆಯದು ಸ್ಥಳ. ಒಲೆಯಿಂದ ಮಾಡಿನವರೆಗೆ ನೇರವಾಗಿ ಏರುವ ದಾರಿಯೇ ಉತ್ತಮವಾದುದು. ಮೇಲೆ ತೊಲೆಯೋ ಜಂತೆಯೋ ಅಡ್ಡ ಬಂದರೆ ಕೊಳವೆಯನ್ನು ಬಗ್ಗಿಸುವುದಕ್ಕಿಂತ ಒಲೆಯನ್ನೇ ಒಂದು ಗೇಣು ಸರಿಸಿ ಕಟ್ಟುವುದು ಲೇಸು; ಮಣ್ಣಿನ ಒಲೆಯನ್ನು ಸರಿಸುವುದು ಸುಲಭ, ಕೆಟ್ಟ ಎಳೆತವನ್ನು ಸರಿಪಡಿಸುವುದು ಕಷ್ಟ. ತಿರುವು ಅನಿವಾರ್ಯವಾದರೆ ಅದು ಓರೆಯಾಗಿರಲಿ, ಮಟ್ಟಸವಾಗಿ ಮಲಗುವಂತಿರಬಾರದು. ಗೋಡೆಯಲ್ಲಿ ತೂತು ಕೊರೆದು ಕೊಳವೆಯನ್ನು ಹೊರಗಿನಿಂದ ಏರಿಸುವುದುಂಟು. ಮಾಡಿಗೆ ಕೈಹಚ್ಚಬೇಕಾಗಿಲ್ಲವೆಂಬುದು ಅದರ ಅನುಕೂಲ. ಆದರೆ ಹೊರಗಿನ ಕೊಳವೆ ಬೇಗ ತಣಿಯುತ್ತದೆ; ಎಳೆತ ಕುಗ್ಗಿ ಒಳಗೋಡೆಯಲ್ಲಿ ಟಾರಿನಂಥ ಅಂಟು ಶೇಖರವಾಗುತ್ತದೆ.

ಎರಡನೆಯದು ಬೆಂಕಿಯ ಭಯ. ಒಂಟಿ ತಗಡಿನ ಕೊಳವೆಗೂ ಸುಡುವ ವಸ್ತುಗಳಿಗೂ ನಡುವೆ ೪೫ ಸೆಂಟಿಮೀಟರ್ ಅಂತರವಿರಬೇಕೆಂಬುದು ಸೌದೆಯೊಲೆಗಳ ಬಳಕೆಯುಳ್ಳ ಶೀತದೇಶಗಳಲ್ಲಿ ರೂಢಿಯಾದ ನಿಯಮ. ಮರದ ಜಂತೆಗಳ ನಡುವೆ ಇಷ್ಟು ಎಡೆ ಸಿಕ್ಕುವುದಿಲ್ಲ. ಅಲ್ಲಿ ಕೊಳವೆಯ ಸುತ್ತ ಇಟ್ಟಿಗೆ ಗಾರೆಗಳ ಕವಚವನ್ನು ಕಟ್ಟಬೇಕು, ಇಲ್ಲವೆ ನಡುವೆ ಶಾಖನಿರೋಧಕ ತುಂಬಿದ ಜೋಡಿಗೋಡೆಯ ಕೊಳವೆಯನ್ನು ಬಳಸಬೇಕು. ಹುಲ್ಲಿನ ಅಥವಾ ಸೋಗೆಯ ಮಾಡಿನ ಮೂಲಕ ತಗಡಿನ ಕೊಳವೆಯನ್ನು ಹಾಯಿಸುವ ಸಾಹಸ ಸರ್ವಥಾ ಸಲ್ಲದು. ಕಲ್ನಾರು ಸಿಮೆಂಟಿನ ಕೊಳವೆಗಳು ಹಿಂದೆ ಈ ಕೆಲಸಕ್ಕೆ ಧಾರಾಳವಾಗಿ ಬಳಕೆಯಾಗಿವೆ; ಅವನ್ನು ಗರಗಸದಿಂದ ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಹೊಸದಾಗಿ ಕೂಡಿಸುವವರು ಅವನ್ನು ಬಿಡುವುದೇ ಕ್ಷೇಮ.

ಮೂರನೆಯದು ಮಾಡನ್ನು ದಾಟುವ ಬಗೆ. ಹಂಚಿನ ಮಾಡಿನಲ್ಲಿ ಒಂದೆರಡು ಹಂಚು ತೆಗೆದು ಆ ಸ್ಥಳದಲ್ಲಿ ಕೊರಳುಪಟ್ಟಿಯುಳ್ಳ ತಗಡನ್ನು ಕೂಡಿಸಬೇಕು. ತಗಡಿನ ಮೇಲಂಚು ಮೇಲಿನ ಸಾಲಿನ ಹಂಚಿನ ಕೆಳಗೆ ಸೇರಬೇಕು. ಕೆಳಅಂಚು ಕೆಳಗಿನ ಸಾಲಿನ ಹಂಚಿನ ಮೇಲೆ ಬರಬೇಕು. ಈ ಕ್ರಮ ತಲೆಕೆಳಗಾದರೆ ಮಳೆಯ ನೀರು ನೇರವಾಗಿ ಒಲೆಗೇ ಇಳಿಯುತ್ತದೆ. ತಾರಸಿಯಲ್ಲಿ ತೂತು ಕೊರೆಯುವುದಾದರೆ ಒಳಗಿನ ಕಬ್ಬಿಣದ ಸರಳುಗಳಿಗೆ ಧಕ್ಕೆಯಾಗದಂತೆ ಸ್ಥಳ ಗೊತ್ತುಮಾಡಿ, ಸುತ್ತಲೂ ಗೇಣೆತ್ತರದ ಕಟ್ಟೆಯನ್ನೆತ್ತಿ ನೀರನ್ನು ತಡೆಯಬೇಕು. ಹೊಸ ತಾರಸಿ ಹಾಕಿಸುವವರು ಕಾಂಕ್ರೀಟು ಸುರಿಯುವ ಮೊದಲೇ ಎಡೆ ಬಿಡಿಸಿಕೊಂಡರೆ ಈ ಎಲ್ಲ ಶ್ರಮ ಉಳಿಯುತ್ತದೆ. ಮಾಳಿಗೆಯ ಮನೆಯಲ್ಲಿ ಇರುವ ಬೆಳಕಿಂಡಿಯಲ್ಲಿಯೇ ಕೊಳವೆ ತೂರಿಸಿ ಸಂದು ಮುಚ್ಚುವವರುಂಟು. ಅದರಿಂದ ಬೆಳಕೂ ಹೋಗಿ ಗಾಳಿಯೂ ಹೋಗುತ್ತದೆ.

ನಾಲ್ಕನೆಯದು ಎತ್ತರ. ಕೊಳವೆಯ ತುದಿ ಮಾಡಿನ ಮೇಲೆ ಸುಮಾರು ೯೦ ಸೆಂಟಿಮೀಟರ್ ಏರಬೇಕು. ಮೂರು ಮೀಟರಿನೊಳಗೆ ಇರುವ ಮಾಡಿನ ನೆತ್ತಿ, ಗೋಡೆ ಇವುಗಳಿಗಿಂತ ೬೦ ಸೆಂಟಿಮೀಟರ್ ಮೇಲಿರಬೇಕು. ತಗ್ಗಾದ ತುದಿಯ ಮೇಲೆ ಗಾಳಿ ಸುಳಿಯಾಗಿ ತಿರುಗಿ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ತುದಿಗೆ ಮಳೆ ತಡೆಯುವ ಟೊಪ್ಪಿಗೆ ಬೇಕು. ಆದರೆ ಟೊಪ್ಪಿಗೆಗೂ ಕೊಳವೆಗೂ ನಡುವೆ ಹೊಗೆ ಧಾರಾಳವಾಗಿ ಹೊರಡುವಷ್ಟು ಎಡೆಯಿರಬೇಕು. ಕೊಳವೆಯ ತುಂಡುಗಳನ್ನು ಜೋಡಿಸುವಾಗ ಮೇಲಿನದರ ಕಿರಿದಾದ ತುದಿ ಕೆಳಗಿನದರ ಒಳಗೆ ಸೇರಬೇಕು. ಹಾಗಿದ್ದರೆ ಒಳಗಿನ ಅಂಟು ಒಳಗೇ ಇಳಿಯುತ್ತದೆ, ಸಂದಿನಿಂದ ಹೊರಗೆ ಸೋರುವುದಿಲ್ಲ. ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವುಳ್ಳ ಬಾಯೊಂದನ್ನು ಬಿಡುವುದನ್ನು ಮರೆಯಬಾರದು.

ಐದನೆಯದು ಒಳಬರುವ ಗಾಳಿ. ಹೊರಹೋಗುವಷ್ಟೇ ಗಾಳಿ ಒಳಕ್ಕೆ ಬಾರದಿದ್ದರೆ ಯಾವ ಕೊಳವೆಯೂ ಎಳೆಯಲಾರದು. ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿದ ಅಡಿಗೆಮನೆಯಲ್ಲಿ ವಿದ್ಯುತ್ ಪಂಖವೊಂದು ಗಾಳಿಯನ್ನು ಹೊರಗೆ ಹಾಕುತ್ತಿದ್ದರೆ ಅದು ಕೊಳವೆಯ ಹೊಗೆಯನ್ನೇ ಒಳಕ್ಕೆ ಸೆಳೆದುಕೊಳ್ಳುವುದುಂಟು. ಮುಂಜಾನೆ ಕೊಳವೆ ತಣ್ಣಗಿರುವಾಗ ಒಲೆ ಹೊತ್ತಿಸಿದರೆ ಹೊಗೆ ಹಿಂದಕ್ಕೆ ಬರುವುದು ಸ್ವಾಭಾವಿಕ. ಒಂದು ಹಿಡಿ ಒಣ ತೆಂಗಿನಗರಿಯನ್ನು ಕೊಳವೆಯ ಬುಡದ ಬಾಯಲ್ಲಿ ಉರಿಸಿ ಮೊದಲು ಅದನ್ನು ಬಿಸಿಮಾಡಿ, ಬಾಯನ್ನು ಮುಚ್ಚಿ, ಅನಂತರ ಒಲೆಗೆ ಬೆಂಕಿಯಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಒಲೆಯೂ ಊಟವೂ

ಕೊಳವೆ ಕೂಡಿದ ಮಾತ್ರಕ್ಕೆ ಹಳೆಯ ಒಲೆ ಹೊಸದಾಗುವುದಿಲ್ಲ. ಬಾಯಿ ತೆರೆದ, ಪಾತ್ರೆಯ ಸುತ್ತ ಸಂದು ಬಿಟ್ಟ ಒಲೆಯಲ್ಲಿ ಹೊಗೆ ಸಮೀಪದ ದಾರಿಯನ್ನೇ ಹಿಡಿಯುತ್ತದೆ. ಆದ್ದರಿಂದ ಪಾತ್ರೆ ಕುಳಿಯ ಮೇಲೆ ಸಂದಿಲ್ಲದೆ ಕೂಡಬೇಕು. ಎಂದರೆ ಕುಳಿಯ ಅಳತೆಯನ್ನು ಗೊತ್ತುಮಾಡಬೇಕಾದವರು ಒಲೆ ಕಟ್ಟುವವರಲ್ಲ, ಅಡಿಗೆ ಮಾಡುವವರು. ರಾಗಿಯ ಮುದ್ದೆ ತಿರುವುವ ಮನೆಯಲ್ಲಿ ಪಾತ್ರೆಯನ್ನು ಅದುಮಿ ಹಿಡಿದು ಕೋಲಿನಿಂದ ಬಲವಾಗಿ ತಿರುವಬೇಕಾಗುತ್ತದೆ. ಅಲ್ಲಿ ಒಲೆಯ ಅಂಚು ಗಟ್ಟಿಯಾಗಿರಬೇಕು. ಜೋಳದ ರೊಟ್ಟಿಯನ್ನು ಹಂಚಿನ ಮೇಲಿನಿಂದ ತೆಗೆದು ಕೆಂಡದ ಮುಂದೆ ನಿಲ್ಲಿಸಿ ಉಬ್ಬಿಸುವ ಮನೆಗೆ ಎಲ್ಲ ಕಡೆಯಿಂದಲೂ ಮುಚ್ಚಿದ ಒಲೆ ಒಗ್ಗುವುದಿಲ್ಲ. ಇದನ್ನು ಕೇಳದೆ ಕಟ್ಟಿದ ಒಲೆಯನ್ನು ಗೃಹಿಣಿಯು ಎರಡು ದಿನ ನೋಡಿ, ಮೂರನೆಯ ದಿನ ಅದರ ಬಾಯನ್ನು ತನಗೆ ಬೇಕಾದಷ್ಟು ಒಡೆದು ಅಗಲ ಮಾಡಿಕೊಳ್ಳುತ್ತಾಳೆ. ಆಗ ಎಳೆತವೂ ಹೋಗುತ್ತದೆ. ತಪ್ಪು ಅವಳದಲ್ಲ.

ವಾರ್ಧಾದಿಂದ ಉಂಗ್ರದವರೆಗೆ

ಈ ಪ್ರಶ್ನೆಯನ್ನು ನಮ್ಮ ದೇಶದ ವಿದ್ವಾಂಸರು ಕಡೆಗಣಿಸಲಿಲ್ಲ. ೧೯೪೦ರ ದಶಕದಲ್ಲಿ ವಾರ್ಧಾದ ಮಗನವಾಡಿಯಲ್ಲಿ, ಗ್ರಾಮೋದ್ಯೋಗದ ಕಾರ್ಯಕರ್ತರ ನಡುವೆ, ಕೊಳವೆಯುಳ್ಳ ಮಗನ್ ಚೂಲಾ ರೂಪುಗೊಂಡಿತು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದಲ್ಲಿ ಡಾ. ಎಸ್. ಪಿ. ರಾಜು ಅವರು ಒಂದೇ ಬೆಂಕಿಯ ಶಾಖ ಹಲವು ಪಾತ್ರೆಗಳ ಅಡಿಯನ್ನು ಹಾದು ಕೊಳವೆಯನ್ನು ಸೇರುವಂತಹ ಮಣ್ಣಿನ ಒಲೆಯನ್ನು ರಚಿಸಿ, ಕೋಟ್ಯಂತರ ಜನರ ಅಡಿಗೆಮನೆಗಳು ಹೊಗೆಯಿಲ್ಲದಂತಾಗಬೇಕೆಂಬ ಉದ್ದೇಶದ ಪುಸ್ತಕವೊಂದನ್ನು ೧೯೫೩ರಲ್ಲಿ ಪ್ರಕಟಿಸಿದರು.

ಕನ್ನಡ ನಾಡಿನ ಕೊಡುಗೆಯೂ ಗಣ್ಯವಾದುದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ಕುಮಾರ ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು, ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ತನ್ನ ವಿಸ್ತರಣ ಕೇಂದ್ರವನ್ನು ತೆರೆಯಿತು. ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಾಸ್ ಮೊದಲಾದವರ ಪರಿಶ್ರಮದಿಂದ ೧೯೮೦ರ ದಶಕದ ಆರಂಭದಲ್ಲಿ ಮೂರು ಪಾತ್ರೆಗಳ ಅಸ್ತ್ರ ಒಲೆ ಸಿದ್ಧವಾಯಿತು. ಸೌದೆಯ ಕೆಳಗೆ ಜಾಲರಿ, ಪಾತ್ರೆಯ ತಳಕ್ಕೆ ಶಾಖ ತಗಲುವಂತೆ ಲೆಕ್ಕಹಾಕಿದ ಅಂತರ, ಕೊನೆಯಲ್ಲಿ ಕೊಳವೆ, ಇವು ಅದರ ಲಕ್ಷಣಗಳು. ಹೊಗೆಯನ್ನು ಹೊರಗೆ ಹಾಕುವುದಷ್ಟೇ ಅಲ್ಲದೆ ಸೌದೆಯನ್ನು ಉಳಿಸುವುದೂ ಅದರ ಗುರಿಯಾಗಿತ್ತು. ಇದು ಮುಖ್ಯವಾದ ಮಾತು; ಏಕೆಂದರೆ ಕೊಳವೆ ತಾನಾಗಿ ಹೊಗೆಯನ್ನು ನಾಶಮಾಡುವುದಿಲ್ಲ, ಸ್ಥಳಾಂತರಿಸುತ್ತದೆ ಅಷ್ಟೆ. ಚೆನ್ನಾಗಿ ಉರಿಯದ ಒಲೆಯ ಹೊಗೆ ನೆರೆಮನೆಯ ಕಿಟಕಿಯನ್ನು ಹುಡುಕಿಕೊಂಡು ಹೋಗುತ್ತದೆ.

೧೯೮೩ರಲ್ಲಿ ಪ್ರಾರಂಭವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು ೨೦೦೨ರಲ್ಲಿ ಮುಗಿಯುವ ವೇಳೆಗೆ ದೇಶದಲ್ಲಿ ಮೂರು ಕೋಟಿಗೂ ಮಿಕ್ಕ ಒಲೆಗಳನ್ನು ಕೊಟ್ಟಿತ್ತು. ಸಂಖ್ಯೆ ದೊಡ್ಡದು. ಆದರೆ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡದ್ದು ಕೂಡಿಸಿದ ಒಲೆಗಳನ್ನು. ಕೆಲವು ವರ್ಷಗಳ ಮೇಲೆ ಉರಿಯುತ್ತಿದ್ದ ಒಲೆಗಳು ಎಷ್ಟೆಂಬುದಕ್ಕೆ ಅಷ್ಟೇ ಶ್ರದ್ಧೆಯ ಲೆಕ್ಕವಿರಲಿಲ್ಲ. ರೆಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಒಡಿಶಾದ ಹಳ್ಳಿಗಳಲ್ಲಿ ಕೊಳವೆಯುಳ್ಳ ಮಣ್ಣಿನ ಒಲೆಗಳನ್ನು ನಾಲ್ಕು ವರ್ಷಗಳವರೆಗೆ ಅನುಸರಿಸಿ ನೋಡಿ ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಕೊರತೆಯನ್ನು ಸ್ಪಷ್ಟವಾಗಿ ತೋರಿಸಿತು. ಮೊದಲ ವರ್ಷದಲ್ಲಿ ಅಡಿಗೆ ಮಾಡುವವರು ಉಸಿರಾಡುವ ಹೊಗೆ ಕಡಿಮೆಯಾಯಿತು. ಮುಂದಿನ ವರ್ಷಗಳಲ್ಲಿ ಆ ಲಾಭ ಕರಗಿಹೋಯಿತು. ಶ್ವಾಸಕೋಶದ ಸ್ಥಿತಿಯಲ್ಲಾಗಲಿ ಸೌದೆಯ ಬಳಕೆಯಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಒಲೆಗಳ ಬಳಕೆ ನಿಯತವಾಗಿರಲಿಲ್ಲ, ದುರಸ್ತಿ ನಡೆಯಲಿಲ್ಲ, ಕಾಲಕ್ರಮದಲ್ಲಿ ಬಳಕೆಯೇ ಕುಗ್ಗಿತು.

ಲೆಕ್ಕಕ್ಕೆ ಬಾರದ ಖರ್ಚು

ಇದರಿಂದ ತಿಳಿಯಬೇಕಾದುದೇನು? ಹಳೆಯ ಮನೆಯ ಮಾಡು ಚಿಮಣಿಯಾಗಿದ್ದಾಗ ಅದನ್ನು ನೋಡಿಕೊಳ್ಳುವ ಕ್ರಮವೂ ಮನೆಯ ಬಾಳಿನಲ್ಲಿ ಸೇರಿಹೋಗಿತ್ತು. ಮಳೆಗಾಲಕ್ಕೆ ಮುಂಚೆ ಹುಲ್ಲು ಹೊದಿಸುವುದು, ಹಂಚು ಕೈಯಾಡಿಸುವುದು, ಹಬ್ಬಕ್ಕೆ ಮೊದಲು ಇಲ್ಲಣ ತೆಗೆಯುವುದು, ಇವು ಯಾರೂ ಹೇಳಿಕೊಡಬೇಕಾಗಿಲ್ಲದ ಕೆಲಸಗಳು. ಕೊಳವೆ ಬಂದಾಗ ವಸ್ತು ಬಂತು, ಕ್ರಮ ಬರಲಿಲ್ಲ. ಒಲೆಗೆ ದಿನವೂ ಸಾರಣೆ ಮಾಡಿ ಚೊಕ್ಕಟವಾಗಿಡುವ ಗೃಹಿಣಿಗೆ ಮಾಡಿನ ಮೇಲಿನ ತುದಿ ಎಟುಕುವುದಿಲ್ಲ. ಏಣಿ ಹತ್ತಬಲ್ಲ ಗಂಡಸಿಗೆ ಅಡಿಗೆಮನೆಯ ಹೊಗೆ ತಟ್ಟುವುದಿಲ್ಲ. ಇಬ್ಬರ ನಡುವೆ ಮಸಿ ಕಟ್ಟುತ್ತ ಹೋಗುತ್ತದೆ. ಒಂದು ಮಿಲಿಮೀಟರ್ ನೀರಿನ ಒತ್ತಡದಷ್ಟೇ ಬಲವುಳ್ಳ ಯಂತ್ರ ನಿಂತುಹೋಗಲು ಬಹುಕಾಲ ಬೇಕಾಗುವುದಿಲ್ಲ.

ಅಡಿಗೆ ಅನಿಲ ಬಂದ ಮೇಲೆ ಈ ಮಾತಿಗೆಲ್ಲ ಅರ್ಥವಿಲ್ಲವೆನ್ನುವವರುಂಟು. ೨೦೧೬ರ ಮೇ ೧ರಂದು ಆರಂಭವಾದ ಉಜ್ವಲಾ ಯೋಜನೆಯಲ್ಲಿ ೨೦೧೯ರ ಹೊತ್ತಿಗೆ ೮ ಕೋಟಿ ಮನೆಗಳಿಗೆ ಅನಿಲದ ಸಂಪರ್ಕ ದೊರೆಯಿತೆಂಬುದು ಸಾಮಾನ್ಯವಾದ ಸಾಧನೆಯಲ್ಲ. ಅನಿಲವನ್ನು ಸದಾ ಕೊಳ್ಳಬಲ್ಲ ಮನೆಗೆ ಅದಕ್ಕಿಂತ ಒಳ್ಳೆಯ ಉಪಾಯವೂ ಇಲ್ಲ. ಆದರೆ ಅನಿಲವಿರುವ ಮನೆಯಲ್ಲಿಯೂ ಹಸುವಿನ ಬಾಯರು ಬೇಯುವುದು, ಮದುವೆ ಮುಂಜಿಗಳ ಅಡಿಗೆ ಆಗುವುದು ಅನೇಕ ವೇಳೆ ಸೌದೆಯ ಮೇಲೆ. ಮಲೆನಾಡು ಕರಾವಳಿಗಳಲ್ಲಿ ಬಚ್ಚಲಿನ ಹಂಡೆಯ ಒಲೆ ಈಗಲೂ ಆರಿಲ್ಲ. ಗೋಡೆಗಳು ಸುತ್ತುವರಿದ ಆ ಕಿರಿದಾದ ಬಚ್ಚಲುಮನೆಗೆ ತಾರಸಿ ಹಾಕಿದರೆ ಅಲ್ಲಿ ನಿಲ್ಲುವ ಹೊಗೆ ಅಡಿಗೆಮನೆಯದಕ್ಕಿಂತಲೂ ದಟ್ಟವಾದುದು. ಹೊಗೆಯ ಜೊತೆಗೆ ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡೂ ಅಲ್ಲಿ ಸೇರುವುದರಿಂದ ಅಪಾಯ ಇಮ್ಮಡಿ.

ಆದುದರಿಂದ ಊರಿನ ಮನೆಗೆ ಕೊಳವೆ ಕೂಡಿಸಲು ಹಣ ಕಳುಹಿಸುವವರು ಅಂದಾಜುಪಟ್ಟಿಯಲ್ಲಿ ಇನ್ನೆರಡು ಬಾಬುಗಳನ್ನು ಸೇರಿಸಬೇಕು. ಮೊದಲನೆಯದು, ಹೊಗೆ ಇದುವರೆಗೆ ಮಾಡುತ್ತಿದ್ದ ಕೆಲಸಗಳಿಗೆ ಬದಲಿ ಏರ್ಪಾಡು: ಬಿತ್ತನೆಯ ಬೀಜಕ್ಕೆ ಭದ್ರವಾದ ಡಬ್ಬಿ, ಸೌದೆ ಒಣಗಲು ಹೊರಗೊಂದು ಚಪ್ಪರ, ಮರಮುಟ್ಟಿಗೆ ಗೆದ್ದಲಿನ ಔಷಧ. ಎರಡನೆಯದು, ತಿಂಗಳಿಗೊಮ್ಮೆ ಬುಡದ ಬಾಯಿ ತೆರೆದು ಮಸಿ ತೆಗೆಯುವುದಕ್ಕೂ ಮಳೆಗಾಲದ ಹಿಂದುಮುಂದು ಮಾಡು ಹತ್ತಿ ಕೊಳವೆಯನ್ನು ಕುಂಚದಿಂದ ಉಜ್ಜುವುದಕ್ಕೂ ಗೊತ್ತಾದ ಒಬ್ಬ ಮನುಷ್ಯ, ಅವನಿಗೆ ಗೊತ್ತಾದ ಕೂಲಿ. ಮೊದಲ ಬಾಬು ಒಮ್ಮೆಗೆ ಮುಗಿಯುತ್ತದೆ; ಎರಡನೆಯದು ಒಲೆ ಉರಿಯುವಷ್ಟು ಕಾಲ ನಡೆಯಬೇಕು. ಕೊಳವೆಯ ಬೆಲೆಗೆ ಹೋಲಿಸಿದರೆ ಆ ಕೂಲಿ ಅಲ್ಪ. ಅದನ್ನು ಕೊಡಲು ಮರೆತ ಮನೆಯಲ್ಲಿ ಕೊಳವೆಯಿದ್ದೂ ಇಲ್ಲದಂತೆ. ಒಲೆಯ ಮುಂದೆ ಕುಳಿತವರ ಕೆಮ್ಮು ಮಾತ್ರ ಮೊದಲಿನಂತೆಯೇ.